ಕಿಂಗ್‌ಸ್ನೇಕ್‌ಗೆ ಜೊತೆ ಬೇಕಾ?

(ಹೊರದೇಶದ ಹಾವು, ಹಲ್ಲಿ ಸಾಕುವವರು ಮೈಸೂರಿನಲ್ಲಿ ಒಂದು ಭಾನುವಾರ ಸೇರಿದ್ದಾಗ ಪಶುವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ.)

ಇಲ್ಲಿಗೆ ಬರುವಾಗ ದಾರಿಯಲ್ಲಿ ಒಂದು ಅರಳಿಕಟ್ಟೆ ಸಿಕ್ಕಿತು. ಸ್ಕೂಟರ್ ನಿಲ್ಲಿಸಿ ಒಂದು ಸಲ ನೋಡಿ ಬಂದೆ. ಕಟ್ಟೆಯ ಮೇಲೆ ಒಂಬತ್ತು ನಾಗರಕಲ್ಲುಗಳಿವೆ. ಆರು ಕಲ್ಲುಗಳಲ್ಲಿ ಎರಡೆರಡು ಹಾವು. ಬಾಲದಿಂದ ಮೇಲಿನವರೆಗೆ ಜಡೆ ಹೆಣೆದ ಹಾಗೆ ಹೆಣೆದುಕೊಂಡು, ಮುಖಕ್ಕೆ ಮುಖ ಕೊಟ್ಟು ನಿಂತಿವೆ. ಮೈಮೇಲೆ ಅರಿಶಿನ, ಕುಂಕುಮ, ಬೆಳಗ್ಗೆ ಯಾರೋ ಎರೆದ ಹಾಲಿನ ಗುರುತು. ನಮ್ಮಲ್ಲಿ ಬಹಳ ಜನ ಹಾವನ್ನು ಮೊದಲು ನೋಡಿದ್ದೇ ಈ ಕಲ್ಲಿನಲ್ಲಿ, ಅಲ್ವಾ? ನಿಜವಾದ ಹಾವು ಕಣ್ಣಿಗೆ ಬೀಳುವ ಮೊದಲೇ, ಹಾವು ಅಂದರೆ ಜೋಡಿ ಅನ್ನುವುದು ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ.

ನಮ್ಮೂರು ಪಾಂಡವಪುರದ ಹತ್ತಿರ. ನನಗೆ ಎಂಟೋ ಒಂಬತ್ತೋ ವರ್ಷ ಇದ್ದಾಗ, ಕಬ್ಬಿನ ಗದ್ದೆಯ ಬದುವಿನಲ್ಲಿ ಎರಡು ಕೇರೆ ಹಾವು ತಳುಕು ಹಾಕಿಕೊಂಡು ಮೊಣಕಾಲೆತ್ತರ ಎದ್ದು ನಿಂತಿದ್ದವು. ಬೀಳುತ್ತಿದ್ದವು, ಮತ್ತೆ ಸುತ್ತಿಕೊಂಡು ಏಳುತ್ತಿದ್ದವು. ನಾನು ಓಡಿಹೋಗಿ ನೋಡಬೇಕು ಅಂತ ಹೊರಟೆ. ತಾತ ತೋಳು ಹಿಡಿದು ನಿಲ್ಲಿಸಿದರು. "ಹತ್ರ ಹೋಗ್ಬ್ಯಾಡ ಕಣ್ಲಾ, ಜೊತೆಗವೆ" ಅಂದರು. ಹೆಗಲ ಮೇಲಿದ್ದ ಬಿಳಿ ಟವೆಲ್ ತೆಗೆದು ದೂರದಿಂದಲೇ ಅವುಗಳ ಕಡೆ ಎಸೆದು ಕೈ ಮುಗಿದರು. ಆ ಬಟ್ಟೆಯ ಮೇಲೆ ಹಾವು ಹೊರಳಾಡಿದರೆ ಮನೆಗೆ ಒಳ್ಳೆಯದು ಅಂತ ನಂಬಿಕೆ. ಆ ಟವೆಲ್ ನಮ್ಮ ಮನೆಯ ಟ್ರಂಕಿನಲ್ಲಿ ಬಹಳ ವರ್ಷ ಇತ್ತು.

ಅವೆರಡೂ ಗಂಡು ಹಾವು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಕೇರೆ ಹಾವಿನ ಗಂಡುಗಳು ಹೀಗೆ ಸುತ್ತಿಕೊಂಡು ಒಂದನ್ನೊಂದು ನೆಲಕ್ಕೆ ಒತ್ತಿ ಹಾಕುತ್ತವೆ. ಅದು ಕುಸ್ತಿ. ಗೆದ್ದದ್ದು ಅಲ್ಲೇ ಉಳಿಯುತ್ತದೆ, ಸೋತದ್ದು ಜಾಗ ಖಾಲಿ ಮಾಡುತ್ತದೆ. ನಮ್ಮ ತಾತ ಹಾವನ್ನು ಕಂಡರೆ ಕೋಲು ಎತ್ತುತ್ತಿರಲಿಲ್ಲ, ಅದು ದೊಡ್ಡ ಗುಣ. ಆದರೆ ಆ ದಿನ ಅವರು ನೋಡಿದ್ದು ಜಗಳ. ಅವರಿಗೆ ಅದು ಪ್ರೀತಿಯಾಗಿ ಕಂಡಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ನನ್ನ ಕ್ಲಿನಿಕ್ಕಿಗೆ ಕಿಂಗ್‌ಸ್ನೇಕ್ ತರುವ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಡಾಕ್ಟ್ರೇ, ಪಾಪ ಒಂದೇ ಇದೆ. ಬೇಜಾರಾಗಲ್ವಾ? ಇನ್ನೊಂದು ತಂದು ಜೊತೆಗೆ ಬಿಡಲಾ?" ಕೇಳುವವರ ಮನಸ್ಸು ಒಳ್ಳೆಯದು. ಪ್ರೀತಿ ಇರುವುದರಿಂದಲೇ ಕೇಳುತ್ತಾರೆ. ನನ್ನ ಉತ್ತರ ಮಾತ್ರ ಯಾವಾಗಲೂ ಬೇಡ ಅಂತಲೇ. ಗಂಡು-ಹೆಣ್ಣು ಬೇಡ, ಎರಡು ಹೆಣ್ಣು ಬೇಡ, ಒಂದೇ ತಾಯಿಯ ಮರಿಗಳು ಬೇಡ, ದೊಡ್ಡ ಪೆಟ್ಟಿಗೆ ಇದ್ದರೂ ಬೇಡ. ಯಾಕೆ ಬೇಡ ಅನ್ನುವುದನ್ನು ಇವತ್ತು ಸಮಾಧಾನವಾಗಿ ಹೇಳುತ್ತೇನೆ.

ಮೊದಲು ಈ ಹಾವು ಯಾರು ಅಂತ ನೋಡೋಣ. ಇದರ ಊರು ಅಮೆರಿಕ ಖಂಡ. ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್, ಮೆಕ್ಸಿಕನ್ ಬ್ಲ್ಯಾಕ್, ಫ್ಲಾರಿಡಾದ್ದು, ಹೀಗೆ ಹಲವು ಇವೆ. ಇವೆಲ್ಲ ಲ್ಯಾಂಪ್ರೊಪೆಲ್ಟಿಸ್ ಅನ್ನುವ ಕುಲಕ್ಕೆ ಸೇರಿದವು. ಗ್ರೀಕ್‌ನಲ್ಲಿ ಅದರ ಅರ್ಥ ಹೊಳೆಯುವ ಗುರಾಣಿ. ಪೊರೆ ಬಿಟ್ಟ ಮಾರನೇ ದಿನ ಇದನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಆ ಹೆಸರು ಯಾಕೆ ಬಂತು ಅಂತ ಹೇಳಬೇಕಾಗಿಲ್ಲ. ಮೂರು ನಾಲ್ಕು ಅಡಿ ಬೆಳೆಯುತ್ತದೆ. ವಿಷ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕುತ್ತದೆ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಇದೇ ಕುಲದಲ್ಲಿ ಮಿಲ್ಕ್ ಸ್ನೇಕ್ ಅಂತ ಇದೆ. ನಿಮ್ಮಲ್ಲಿ ಇಬ್ಬರು ಸಾಕಿದ್ದೀರಿ. ಆ ಹೆಸರು ಹೇಗೆ ಬಂತು ಗೊತ್ತಾ? ಅಮೆರಿಕದ ರೈತರ ಕೊಟ್ಟಿಗೆಯಲ್ಲಿ ಇದು ಇಲಿ ಹಿಡಿಯಲು ಸುಳಿದಾಡುತ್ತಿತ್ತು. ಹಸು ಹಾಲು ಕಡಿಮೆ ಕೊಟ್ಟ ದಿನ, ಇದೇ ಬಂದು ಕೆಚ್ಚಲಿಗೆ ಬಾಯಿ ಹಾಕಿದೆ ಅಂತ ಅವರು ನಂಬಿದರು. ನಮ್ಮ ಮಂಡ್ಯ ಕಡೆ ಕೇರೆ ಹಾವಿನ ಮೇಲೆ ಇರುವ ದೂರೂ ಇದೇ. ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ಸಮುದ್ರದ ಆಚೆ ಈಚೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಿದ್ದರೂ, ಇಲಿ ಹಿಡಿಯಲು ಬಂದ ಹಾವಿನ ಮೇಲೆ ಒಂದೇ ಅಪವಾದ ಬಂದಿದೆ. ಹಾವಿಗೆ ಹಾಲು ಹೀರುವ ಬಾಯಿಯೇ ಇಲ್ಲ.

ಸರಿ, ಕಿಂಗ್‌ಸ್ನೇಕ್‌ಗೆ ಬರೋಣ. ಹೆಸರಿನಲ್ಲಿ ಕಿಂಗ್ ಯಾಕಿದೆ? ನಮ್ಮ ಕಾಳಿಂಗ ಸರ್ಪಕ್ಕೆ ಇಂಗ್ಲಿಷಿನಲ್ಲಿ ಕಿಂಗ್ ಅಂತ ಸೇರಿಸುತ್ತಾರಲ್ಲ, ಅಂಥದ್ದೇ ಕಾರಣ ಇಲ್ಲಿಯೂ. ಎರಡೂ ಬೇರೆ ಹಾವುಗಳನ್ನು ತಿನ್ನುತ್ತವೆ. ಎರಡಕ್ಕೂ ನೆಂಟಸ್ತನ ಏನೂ ಇಲ್ಲ, ಊಟ ಮಾತ್ರ ಒಂದೇ ಥರ. 2024ರಲ್ಲಿ ಕಾಳಿಂಗವನ್ನು ನಾಲ್ಕು ಪ್ರಭೇದಗಳಾಗಿ ಬೇರೆ ಮಾಡಿದಾಗ, ನಮ್ಮ ಪಶ್ಚಿಮ ಘಟ್ಟದ್ದಕ್ಕೆ ವಿಜ್ಞಾನದ ಹೆಸರಿನಲ್ಲೇ ಕಾಳಿಂಗ ಅಂತ ಇಟ್ಟರು. ನಮ್ಮ ಕನ್ನಡದ ಮಾತು ಅದು. ಅದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಯಿತು.

ಕಿಂಗ್‌ಸ್ನೇಕ್ ಕಾಡಿನಲ್ಲಿ ಇಲಿ, ಹಲ್ಲಿ, ಹಕ್ಕಿ, ಮೊಟ್ಟೆ, ಹಾವು ಏನು ಸಿಕ್ಕರೂ ತಿನ್ನುತ್ತದೆ. ರ‍್ಯಾಟಲ್‌ಸ್ನೇಕ್ ಕೂಡ ಅದಕ್ಕೆ ಊಟ. ಅಲ್ಲಿನ ಆ ವಿಷದ ಹಾವುಗಳು ಕಚ್ಚಿದರೂ ಇದು ತಡೆದುಕೊಳ್ಳುತ್ತದೆ. ಆ ವಿಷವನ್ನು ಎದುರಿಸುವ ಅಂಶ ಇದರ ರಕ್ತದಲ್ಲೇ ಇದೆ. ರ‍್ಯಾಟಲ್‌ಸ್ನೇಕ್‌ಗೆ ಇದು ಗೊತ್ತು. ಬೇರೆ ಶತ್ರು ಬಂದರೆ ಸುರುಳಿ ಸುತ್ತಿ ಕಚ್ಚಲು ನಿಲ್ಲುವ ಹಾವು, ಕಿಂಗ್‌ಸ್ನೇಕ್ ವಾಸನೆ ಬಂದರೆ ತಲೆಯನ್ನು ನೆಲಕ್ಕೆ ಒತ್ತಿ, ಮೈಯ ನಡುಭಾಗವನ್ನು ಕಮಾನಿನ ಹಾಗೆ ಎತ್ತಿ, ಅದರಿಂದ ಹೊಡೆದು ದೂರ ತಳ್ಳಲು ನೋಡುತ್ತದೆ. ಯೋಚನೆ ಮಾಡಿ. ವಿಷದ ಹಲ್ಲು ಇರುವ ಹಾವೇ, ಇದರ ಮುಂದೆ ಹಲ್ಲು ಪ್ರಯೋಜನ ಇಲ್ಲ ಅಂತ ತಿಳಿದು ನಡೆದುಕೊಳ್ಳುತ್ತದೆ.

ಇನ್ನು ಅದರ ಹಿಡಿತ. 2017ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಕಿಂಗ್‌ಸ್ನೇಕ್ ಮತ್ತು ಅಲ್ಲಿನ ರ‍್ಯಾಟ್ ಸ್ನೇಕ್‌ಗಳ ಹಿಡಿತವನ್ನು ಅಳೆದು ನೋಡಿದರು. ಸ್ನಾಯುಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೂ ಕಿಂಗ್‌ಸ್ನೇಕ್‌ನ ಒತ್ತಡ ಬಹಳ ಜಾಸ್ತಿ ಬಂತು. ಕಾರಣ ಸುತ್ತುವ ರೀತಿ. ಬೇರೆ ಹಾವು ಹೇಗೆಂದರೆ ಹಾಗೆ ಸುತ್ತಿದರೆ, ಇದು ಸ್ಪ್ರಿಂಗ್ ಥರ ಸಾಲಾಗಿ, ಸಮನಾಗಿ ಸುತ್ತುತ್ತದೆ. ಎಲ್ಲ ಸುತ್ತೂ ಒಟ್ಟಿಗೆ ಬಿಗಿಯುತ್ತವೆ.

ಇನ್ನೊಂದು ವಿಷಯ. ಇದು ತನ್ನಷ್ಟೇ ಉದ್ದದ, ಕೆಲವು ಸಲ ತನಗಿಂತ ಉದ್ದದ ಹಾವನ್ನೂ ನುಂಗಬಲ್ಲದು. ಹೇಗೆ ಹಿಡಿಸುತ್ತದೆ ಅಂದರೆ, ಒಳಗೆ ಹೋದ ಹಾವು ಅಲೆ ಅಲೆಯಾಗಿ ಮಡಚಿಕೊಳ್ಳುತ್ತದೆ. ಸೀರೆಯ ನೆರಿಗೆ ಹಿಡಿದ ಹಾಗೆ. ಅದಕ್ಕೇ, "ಎರಡೂ ಒಂದೇ ಸೈಜ್ ಇವೆ ಸಾರ್, ನುಂಗೋಕಾಗಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಎದೆ ಧಸಕ್ ಅನ್ನುತ್ತದೆ.

ಈಗ ಒಂದು ಘಟನೆ ಹೇಳುತ್ತೇನೆ. ಆ ಹುಡುಗನ ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ, ಹೆಸರು ಬೇಡ. ಮೈಸೂರಿನವನೇ. ಎರಡು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಇಟ್ಟುಕೊಂಡಿದ್ದ, ಒಂದು ಗಂಡು, ಒಂದು ಹೆಣ್ಣು. ನಾಲ್ಕಡಿ ಉದ್ದ, ಎರಡಡಿ ಅಗಲದ ಒಳ್ಳೆಯ ಗಾಜಿನ ಪೆಟ್ಟಿಗೆ. ಎರಡು ಕಡೆ ಅಡಗಲು ಗೂಡು, ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಎಲ್ಲ ಸರಿಯಾಗಿತ್ತು. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ತಿಂಗಳು ತೂಕ ಬರೆದಿಡುತ್ತಿದ್ದ. ಅಷ್ಟು ಶ್ರದ್ಧೆ. ಹನ್ನೊಂದು ತಿಂಗಳು ಎರಡೂ ಒಟ್ಟಿಗೆ ಇದ್ದವು. ಒಂದು ದಿನವೂ ಕಚ್ಚಾಡಲಿಲ್ಲ. ನಾನು ಬೇರೆ ಮಾಡು ಅಂತ ಎರಡು ಸಲ ಹೇಳಿದ್ದೆ. "ನೋಡಿ ಸಾರ್, ಹೆಂಗೆ ತಬ್ಬಿಕೊಂಡು ಮಲಗಿವೆ" ಅಂತ ಫೋನಿನಲ್ಲಿ ಫೋಟೋ ತೋರಿಸಿದ್ದ.

ಊಟ ಹಾಕುವಾಗಲೂ ಅವನು ಹುಷಾರಾಗಿದ್ದ. ಒಂದನ್ನು ಹೊರಗೆ ತೆಗೆದು ಬೇರೆ ಡಬ್ಬಿಯಲ್ಲಿ ಇಲಿ ಕೊಡುತ್ತಿದ್ದ. ಎರಡೂ ನುಂಗಿ ಆದ ಮೇಲೆ ಮತ್ತೆ ಸೇರಿಸುತ್ತಿದ್ದ. ಆ ದಿನವೂ ಹಾಗೆಯೇ ಮಾಡಿದ. ಅವತ್ತು ನೆಂಟರ ಮನೆಯ ಆರತಕ್ಷತೆ. ಮನೆಯಲ್ಲಿ ಎಲ್ಲರೂ ರೆಡಿಯಾಗಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾರೆ. ಹೆಣ್ಣು ನುಂಗಿ ಆಗಿತ್ತು. ಗಂಡೂ ಆಗಷ್ಟೇ ನುಂಗಿತ್ತು. ಐದು ನಿಮಿಷವೂ ಬಿಡದೆ ಗಂಡನ್ನು ಪೆಟ್ಟಿಗೆಗೆ ವಾಪಸ್ ಬಿಟ್ಟು ಚೌಲ್ಟ್ರಿಗೆ ಹೊರಟ. ಆ ಗಂಡಿನ ಬಾಯಿಗೆ, ಕತ್ತಿಗೆ ಇಲಿಯ ವಾಸನೆ ಇತ್ತು. ಹೆಣ್ಣು ಇನ್ನೂ ಊಟದ ಹುರುಪಿನಲ್ಲಿತ್ತು.

ರಾತ್ರಿ ಹತ್ತೂವರೆಗೆ ನನಗೆ ಫೋನ್ ಬಂತು. ಅವನಿಗೆ ಮಾತು ಹೊರಡುತ್ತಿರಲಿಲ್ಲ. ನಾನು ಹೋಗಿ ನೋಡಿದೆ. ಪೆಟ್ಟಿಗೆಯಲ್ಲಿ ಒಂದೇ ಹಾವು. ಕಪ್ಪು ಮೈಗೆ ಹಾಲುಕೆನೆ ಬಣ್ಣದ ಪಟ್ಟೆ, ಆ ಪಟ್ಟೆಗಳ ನಡುವಿನ ಚರ್ಮ ಎಳೆದು ತೆಳ್ಳಗಾಗಿತ್ತು. ಬಾಯಿಯಿಂದ ನಾಲ್ಕು ಬೆರಳಿನಷ್ಟು ಬಾಲ ಇನ್ನೂ ಹೊರಗಿತ್ತು. ಅದರ ಮೇಲೂ ಅದೇ ಪಟ್ಟೆ. ಅವನು ಎಳೆದು ತೆಗೆಯಲಾ ಅಂತ ಕೇಳಿದ. ಬೇಡ ಅಂದೆ. ಒಳಗಿದ್ದದ್ದು ನುಂಗುವ ಮೊದಲೇ ಸತ್ತಿರುತ್ತದೆ. ಎಳೆದರೆ ಇದ್ದದ್ದಕ್ಕೂ ಗಾಯವಾಗುತ್ತದೆ. ಇಬ್ಬರೂ ಲೈಟ್ ಆರಿಸಿ ಹೊರಗೆ ಬಂದು ಕೂತೆವು.

ಮಾರನೇ ದಿನ ತೂಕ ಹಾಕಿದೆವು. ಆ ತಿಂಗಳ ಪುಟದಲ್ಲಿ ಹೆಣ್ಣು 410 ಗ್ರಾಂ, ಗಂಡು 360 ಗ್ರಾಂ ಅಂತ ಇತ್ತು. ಇವತ್ತು ತಕ್ಕಡಿಯ ಮೇಲೆ ಒಂದೇ ಹಾವು, ಎಂಟುನೂರು ಗ್ರಾಮಿಗೆ ಹತ್ತಿರ. ಅವನು ಆ ಸಂಖ್ಯೆಯನ್ನು ಬರೆಯಲಿಲ್ಲ. ಮೂರನೇ ದಿನ ಅದು ಎಲ್ಲವನ್ನೂ ಕಕ್ಕಿತು. ನಾನು ನೆರಿಗೆ ಅಂತ ಹೇಳಿದೆನಲ್ಲ, ಆ ನೆರಿಗೆಯ ಆಕಾರ ಹಾಗೇ ಉಳಿದಿತ್ತು. ಹೆಣ್ಣು ಬದುಕಿತು. ಎರಡು ವಾರ ಏನೂ ಕೊಡದೆ, ಆಮೇಲೆ ಚಿಕ್ಕ ಚಿಕ್ಕ ಇಲಿ ಕೊಟ್ಟು ಸರಿ ಮಾಡಿದೆವು.

ಈ ಘಟನೆಯಲ್ಲಿ ನೀವು ಆ ಹನ್ನೊಂದು ತಿಂಗಳನ್ನು ಗಮನಿಸಬೇಕು. ನಾವು "ಇಷ್ಟು ದಿನ ಏನೂ ಆಗಿಲ್ಲ" ಅಂತ ಧೈರ್ಯ ತಂದುಕೊಳ್ಳುತ್ತೇವೆ. ನಾಯಿ, ಬೆಕ್ಕಿನಲ್ಲಿ ಅದು ಸರಿ. ಎರಡು ನಾಯಿ ಹನ್ನೊಂದು ತಿಂಗಳು ಜೊತೆಗೆ ಬೆಳೆದರೆ ಅವುಗಳ ನಡುವೆ ಒಂದು ನಂಟು ಬೆಳೆದಿರುತ್ತದೆ. ಕಿಂಗ್‌ಸ್ನೇಕ್‌ಗೆ ಹಾಗೆ ಇಲ್ಲ. ಅದಕ್ಕೆ ಇನ್ನೊಂದು ಹಾವು ಇವತ್ತು ಊಟ ಅಲ್ಲ, ಅಷ್ಟೇ. ಹೊಟ್ಟೆ ತುಂಬಿದೆ, ಇಲಿಯ ವಾಸನೆ ಇಲ್ಲ, ಪೊರೆ ಬಿಡುವ ಕಾಲ. ಹೀಗೆ ಏನೋ ಒಂದು ಕಾರಣಕ್ಕೆ ಸುಮ್ಮನಿದೆ. ನಾಳೆ ಆ ಕಾರಣ ಹೋದರೆ ಹಳೆಯ ಪರಿಚಯ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕ್ರೂರ ಅಂತ ಕರೆಯಬೇಡಿ. ಅದರ ಹುಟ್ಟುಗುಣ ಅದು. ಆ ಗುಣ ಗೊತ್ತಿದ್ದೂ ಎರಡನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿದರೆ ಅದಕ್ಕೆ ಜವಾಬ್ದಾರಿ ನಾವು.

ಇನ್ನು "ತಬ್ಬಿಕೊಂಡು ಮಲಗುತ್ತವೆ" ಅನ್ನುವ ಮಾತು. ಆ ಫೋಟೋ ನನ್ನ ಫೋನಿನಲ್ಲಿ ಇವತ್ತೂ ಇದೆ. ಬೆಚ್ಚಗಿನ ಕಡೆಯ ಗೂಡಿನೊಳಗೆ ಕೆಳಗೆ ಗಂಡು, ಅದರ ಮೇಲೆ ಸುರುಳಿ ಸುತ್ತಿ ಹೆಣ್ಣು. ನೋಡಲು ಮುದ್ದಾಗಿದೆ. ಈಗ ಹಾವಿನ ಕಡೆಯಿಂದ ನೋಡಿ. ಹಾವಿಗೆ ಮೈ ಬಿಸಿ ಹೊರಗಿನಿಂದ ಬರಬೇಕು. ತಿಂದದ್ದು ಅರಗಬೇಕಾದರೆ 29-30 ಡಿಗ್ರಿಯ ಜಾಗ ಬೇಕು. ಪೆಟ್ಟಿಗೆಯಲ್ಲಿ ಅಂಥ ಒಳ್ಳೆಯ ಜಾಗ ಒಂದೇ ಇರುತ್ತದೆ. ಎರಡಕ್ಕೂ ಅದೇ ಬೇಕು. ಹಾಗಾಗಿ ಎರಡೂ ಅಲ್ಲೇ ಬಂದು ಬೀಳುತ್ತವೆ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ನಾಲ್ಕು ಜನ ಕೂತಿದ್ದರೆ ಅವರು ಪ್ರೀತಿಯಿಂದ ಕೂತಿದ್ದಾರೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಬಲ ಇರುವುದು ಒಳ್ಳೆಯ ಜಾಗ ಹಿಡಿಯುತ್ತದೆ. ಇನ್ನೊಂದು ಅದರ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲ ತಣ್ಣಗಿನ ಮೂಲೆಗೆ ಹೋಗಿ ಸುಮ್ಮನೆ ಬಿದ್ದಿರುತ್ತದೆ.

ಆ ಸುಮ್ಮನೆ ಬಿದ್ದಿರುವ ಹಾವೇ ನನಗೆ ಜಾಸ್ತಿ ಚಿಂತೆ. ನಾಯಿಯಾದರೆ ಕುಂಯ್‌ಗುಟ್ಟುತ್ತದೆ. ಹಾವು ದೂರು ಹೇಳುವುದಿಲ್ಲ. ಅದರ ದೂರು ಹೀಗಿರುತ್ತದೆ: ಇಲಿ ಕೊಟ್ಟರೆ ತಲೆ ತಿರುಗಿಸುತ್ತದೆ. ತಿಂದರೂ ಎರಡು ದಿನಕ್ಕೆ ಕಕ್ಕುತ್ತದೆ. ಮೂಗು ಉಜ್ಜಿ ಗಾಯವಾಗುವ ಮಟ್ಟಿಗೆ ಗಾಜಿನ ಮೂಲೆಯಲ್ಲಿ ರಾತ್ರಿಯೆಲ್ಲ ದಾರಿ ಹುಡುಕುತ್ತದೆ. ಇಲ್ಲವೇ ನೀರಿನ ಬಟ್ಟಲಿನಲ್ಲೇ ದಿನಗಟ್ಟಲೆ ಇರುತ್ತದೆ. ಇದನ್ನೆಲ್ಲ ನಾವು "ಇದು ಸ್ವಲ್ಪ ನಾಚಿಕೆ ಸ್ವಭಾವದ್ದು" ಅಂತ ತಿಳಿದುಕೊಂಡುಬಿಡುತ್ತೇವೆ. ಅಂಥ ಹಾವನ್ನು ಬೇರೆ ಪೆಟ್ಟಿಗೆಗೆ ಹಾಕಿ ಒಂದು ತಿಂಗಳು ನೋಡಿ. ನಾನು ಎಷ್ಟೋ ಸಲ ನೋಡಿದ್ದೇನೆ. ನಾಚಿಕೆ ಹೋಗಿ ಊಟ ಮಾಡಲು ಶುರು ಮಾಡುತ್ತದೆ.

ಹಾಗಾದರೆ ಹಾವುಗಳೆಲ್ಲ ಒಂಟಿಯೇ? ಇಲ್ಲ. ಈ ಮಾತನ್ನು ನ್ಯಾಯವಾಗಿ ಹೇಳಬೇಕು. ಕೆನಡಾದ ಮ್ಯಾನಿಟೋಬಾದಲ್ಲಿ ನಾರ್ಸಿಸ್ ಅನ್ನುವ ಜಾಗ ಇದೆ. ಅಲ್ಲಿ ಚಳಿಗಾಲದಲ್ಲಿ ನೆಲದ ಬಿರುಕುಗಳೊಳಗೆ ಗಾರ್ಟರ್ ಹಾವುಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೆ ಮಲಗುತ್ತವೆ. ವಸಂತದಲ್ಲಿ ಹೊರಗೆ ಬಂದಾಗ ನೆಲವೇ ಹರಿದ ಹಾಗೆ ಕಾಣುತ್ತದೆ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಗಾರ್ಟರ್ ಹಾವಿನ ಮರಿಗಳು ತಮಗೆ ಬೇಕಾದ ಜೊತೆಗಾರರನ್ನು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವುದು ಕಂಡುಬಂತು. ಕೆಲವು ರ‍್ಯಾಟಲ್‌ಸ್ನೇಕ್‌ಗಳು ಒಡಹುಟ್ಟಿದವನ್ನು ಗುರುತಿಸುತ್ತವೆ. ಹಾವಿನ ಲೋಕ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಆದರೆ ಗಾರ್ಟರ್ ಹಾವಿನ ನಡತೆ ಓದಿ ಕಿಂಗ್‌ಸ್ನೇಕ್‌ಗೆ ಅನ್ವಯಿಸಬಾರದು. ಆನೆ ಗುಂಪಿನಲ್ಲಿ ಇರುತ್ತದೆ ಅಂತ ಹುಲಿಯನ್ನೂ ಗುಂಪಿನಲ್ಲಿ ಬಿಡುತ್ತೇವಾ? ಕಿಂಗ್‌ಸ್ನೇಕ್‌ಗಳೂ ಕೆಲವು ಸಲ ಚಳಿಗೆ ಒಂದೇ ಬಿಲದಲ್ಲಿ ಸಿಗುತ್ತವೆ. ಆಗ ಅವು ಊಟ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಬಿಸಿಲು ಬಂದ ಕೂಡಲೇ ಅವುಗಳ ದಾರಿ ಬೇರೆ ಬೇರೆ. ಹಾಗೆ ಹೊರಟುಹೋಗುವ ದಾರಿಯೇ ನಮ್ಮ ಪೆಟ್ಟಿಗೆಯಲ್ಲಿ ಇಲ್ಲ.

ಮರಿ ಮಾಡಿಸಬೇಕು ಅನ್ನುವವರಿಗೆ ಒಂದೆರಡು ಮಾತು. ಆಗ ಮಾತ್ರ ಎರಡನ್ನು ಸೇರಿಸಲೇಬೇಕು, ಬೇರೆ ದಾರಿಯಿಲ್ಲ. ಅನುಭವಸ್ಥರು ಹೇಗೆ ಮಾಡುತ್ತಾರೆ ಅಂದರೆ, ಚಳಿಗಾಲದಲ್ಲಿ ಹೊಟ್ಟೆ ಪೂರ್ತಿ ಖಾಲಿ ಮಾಡಿಸಿ, ಎರಡು ಮೂರು ತಿಂಗಳು 10ರಿಂದ 13 ಡಿಗ್ರಿಯಲ್ಲಿ ಬೇರೆ ಬೇರೆಯಾಗಿ ಮಲಗಿಸುತ್ತಾರೆ. ಎದ್ದ ಮೇಲೆ ಚೆನ್ನಾಗಿ ತಿನ್ನಿಸುತ್ತಾರೆ. ಹೆಣ್ಣು ಮೊದಲ ಪೊರೆ ಬಿಟ್ಟ ಮೇಲೆ, ಎರಡರ ಹೊಟ್ಟೆಯೂ ತುಂಬಿರುವಾಗ, ಕಣ್ಣೆದುರಿಗೆ ಸೇರಿಸುತ್ತಾರೆ. ಗಂಡು ಹೆಣ್ಣಿನ ಕತ್ತನ್ನು ಕಚ್ಚಿ ಹಿಡಿಯುತ್ತದೆ. ಅದು ಮಾಮೂಲು. ಆದರೆ ಸುತ್ತು ಬಿಗಿಯುವುದು ಕಂಡರೆ ತಕ್ಷಣ ಬಿಡಿಸಬೇಕು. ಕೆಲಸ ಮುಗಿದ ಕೂಡಲೇ ಬೇರೆ. ಅಲ್ಲಿ ಕೂತು ನೋಡಲು ಸಮಯ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು.

ನಮ್ಮ ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಜನವರಿ ರಾತ್ರಿ 15-16 ಡಿಗ್ರಿಗೆ ಇಳಿದರೂ ಮಧ್ಯಾಹ್ನ ಮತ್ತೆ 28 ಆಗುತ್ತದೆ. ಇದು ಮಲಗಿಸುವ ಚಳಿಯೂ ಅಲ್ಲ, ಊಟ ಅರಗುವ ಬಿಸಿಯೂ ಅಲ್ಲ. ಈ ಅರೆಬರೆ ಚಳಿಯಲ್ಲಿ, ಪೆಟ್ಟಿಗೆಗೆ ಅಡಿಯಿಂದ ಬಿಸಿ ಕೊಡುವ ಹೀಟ್ ಮ್ಯಾಟ್ ಆಫ್ ಮಾಡಿ "ತಾನಾಗೇ ಮಲಗುತ್ತೆ" ಅಂತ ಬಿಟ್ಟವರ ಹಾವುಗಳು ನನ್ನ ಹತ್ತಿರ ಬಂದಿವೆ. ಹೊಟ್ಟೆಯಲ್ಲಿ ಇಲಿ ಕೊಳೆತಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಗಂಡು-ಹೆಣ್ಣು ವರ್ಷವಿಡೀ ಒಟ್ಟಿಗಿದ್ದರೆ ಇನ್ನೊಂದು ತೊಂದರೆ ಇದೆ. ಹೆಣ್ಣಿಗೆ ಮೈ ತುಂಬುವ ಮೊದಲೇ ಮೊಟ್ಟೆ ಕಟ್ಟುತ್ತದೆ. ಚಿಕ್ಕ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸತ್ತದ್ದನ್ನು ನಾನು ನೋಡಿದ್ದೇನೆ. ಅದರ ಮಾಲೀಕರಿಗೆ ಅದು ಹೆಣ್ಣು ಅನ್ನುವುದೇ ಗೊತ್ತಿರಲಿಲ್ಲ. ಎರಡೂ ಗಂಡು ಅಂತ ಹೇಳಿ ಯಾರೋ ಮಾರಿದ್ದರು. ಹೊರಗಿನಿಂದ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ, ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಮರಿಗಳ ವಿಷಯವೂ ಅಷ್ಟೇ. ಸುಮಾರು ಎರಡು ತಿಂಗಳಿಗೆ ಮೊಟ್ಟೆ ಒಡೆಯುತ್ತದೆ. ಒಂದು ಅಡಿಯೂ ಇಲ್ಲದ, ಪೆನ್ಸಿಲ್ ದಪ್ಪದ ಮರಿಗಳು. ಮೊದಲ ಪೊರೆ ಬಿಟ್ಟ ಕೂಡಲೇ ಅವುಗಳಿಗೆ ಹಸಿವು ಶುರು. ಅಷ್ಟರೊಳಗೆ ಒಂದೊಂದಕ್ಕೆ ಒಂದೊಂದು ಡಬ್ಬಿ ಸಿದ್ಧ ಇರಬೇಕು. ಎಂಟು ಮೊಟ್ಟೆ ಇದ್ದರೆ ಎಂಟು ಡಬ್ಬಿ.

ರೋಗದ ಮಾತು ಚುಟುಕಾಗಿ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಎರಡು ಹಾವಿದ್ದು ಬೆಳಗ್ಗೆ ಕಕ್ಕಿದ ಇಲಿ ಕಂಡರೆ, ಕಕ್ಕಿದ್ದು ಯಾವುದು? ಹಿಕ್ಕೆಯಲ್ಲಿ ರಕ್ತ ಇದ್ದರೆ ಯಾರದ್ದು? ನಾನು ಯಾರಿಗೆ ಔಷಧಿ ಕೊಡಲಿ? ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಸೂಕ್ಷ್ಮಜೀವಿ ಇದೆ. ಹಾವಿನ ಹೊಟ್ಟೆಯ ಗೋಡೆ ಊದಿಕೊಳ್ಳುತ್ತದೆ, ತಿಂದದ್ದು ನಿಲ್ಲುವುದಿಲ್ಲ, ಮೈ ಒಣಗುತ್ತದೆ. ನಂಬಬಹುದಾದ ಔಷಧಿ ಇಲ್ಲ. ಹಿಕ್ಕೆಯಿಂದ ಹರಡುತ್ತದೆ, ಸಾಮಾನ್ಯ ಬ್ಲೀಚ್‌ಗೂ ಜಗ್ಗುವುದಿಲ್ಲ. ಇನ್ನು ನುಸಿ. ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆ. ನೀರಿನ ಬಟ್ಟಲಿನ ತಳದಲ್ಲಿ ಬೆಳಗ್ಗೆ ಗಸಗಸೆ ಉದುರಿದ ಹಾಗೆ ಕಂಡರೆ ಅದೇ. ಹೊಸ ಹಾವು ಬಂದರೆ ಮೂರು ತಿಂಗಳು ಬೇರೆ ಕೋಣೆಯಲ್ಲಿ ಇಡಿ. ಮೊದಲು ಹಳೆಯದರ ಕೆಲಸ ಮುಗಿಸಿ, ಆಮೇಲೆ ಹೊಸದನ್ನು ಮುಟ್ಟಿ.

ಕಾಗದಪತ್ರದ ವಿಷಯ ನಿಮಗೆ ಗೊತ್ತೇ ಇದೆ. ಆದರೂ ಹೇಳಬೇಕು, ಯಾಕೆಂದರೆ ಇಲ್ಲಿ ಹೊಸಬರಿದ್ದಾರೆ. ನಮ್ಮ ನಾಡಿನ ಹಾವನ್ನು, ಅದು ಕೇರೆಯೇ ಆಗಲಿ, ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹೊರದೇಶದ ಪ್ರಾಣಿಗಳ ಬಗ್ಗೆಯೂ 2022ರ ತಿದ್ದುಪಡಿಯಲ್ಲಿ ನಿಯಮ ಸೇರಿದೆ. ನಿಮ್ಮ ಹಾವಿಗೆ ಯಾವ ದಾಖಲೆ ಬೇಕು ಅನ್ನುವುದನ್ನು ಅರಣ್ಯ ಇಲಾಖೆಯಲ್ಲೇ ಕೇಳಿ ತಿಳಿದುಕೊಳ್ಳಿ. ಮಾರುವವರ ಮಾತು ನಂಬಿ ಕೂರಬೇಡಿ.

ಜಾಗ ಸಾಲದು ಅಂತ ಎರಡನೆಯದನ್ನು ಹೊರಗೆ ಬಿಡುವ ಯೋಚನೆ ಮಾತ್ರ ಮಾಡಬೇಡಿ. ಕುಕ್ಕರಹಳ್ಳಿ ಕೆರೆ ಇದೆ, ಚಾಮುಂಡಿ ಬೆಟ್ಟ ಇದೆ, ಅಲ್ಲಿ ಸುಖವಾಗಿರುತ್ತೆ ಅಂತ ಒಬ್ಬರು ನನ್ನ ಮುಂದೆಯೇ ಅಂದಿದ್ದರು. ಸ್ಪೇನ್‌ಗೆ ಸೇರಿದ ಗ್ರಾನ್ ಕನೇರಿಯ ಅನ್ನುವ ದ್ವೀಪದ ಕಥೆ ಕೇಳಿ. ಅಲ್ಲಿ ಹಾವೇ ಇರಲಿಲ್ಲ. ಸಾಕಿದ್ದ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್‌ಗಳು ಹೊರಗೆ ಸೇರಿಕೊಂಡವು. 1998ರಲ್ಲಿ ಮೊದಲು ಕಣ್ಣಿಗೆ ಬಿದ್ದವು. ಇವತ್ತು ವರ್ಷವರ್ಷ ಹಿಡಿದರೂ ಮುಗಿಯುತ್ತಿಲ್ಲ. ಆ ದ್ವೀಪದಲ್ಲಿ ಮಾತ್ರ ಇರುವ ದೊಡ್ಡ ಹಲ್ಲಿಗಳು ಹಾವು ಹರಡಿದ ಕಡೆಯೆಲ್ಲ ಹೆಚ್ಚುಕಡಿಮೆ ಖಾಲಿಯಾಗಿವೆ.

ನಮ್ಮೂರಿಗೆ ಇನ್ನೂ ಒಂದು ಅಪಾಯ ಇದೆ. ಕಪ್ಪು ಮೈ, ಬಿಳಿ ಪಟ್ಟೆ. ನಮ್ಮಲ್ಲಿ ಇದೇ ಬಣ್ಣದ್ದು ಯಾವುದಿದೆ ಹೇಳಿ? ಕಟ್ಟು ಹಾವು. ಕಚ್ಚಿದರೆ ನೋವೂ ಸರಿಯಾಗಿ ಗೊತ್ತಾಗದೆ ಪ್ರಾಣ ಹೋಗಬಹುದಾದ ಹಾವು. ನಿಮ್ಮ ಮನೆಯಿಂದ ತಪ್ಪಿಸಿಕೊಂಡ ಕಿಂಗ್‌ಸ್ನೇಕನ್ನು ಪಕ್ಕದ ಮನೆಯವರು ಕಟ್ಟು ಹಾವು ಅಂತ ಹೊಡೆದು ಹಾಕುತ್ತಾರೆ. ಅದಕ್ಕಿಂತ ಭಯ ಏನೆಂದರೆ, ನಿಮ್ಮ ಹಾವು ಕಳೆದುಹೋಗಿದೆ ಅಂತ ಗೊತ್ತಿರುವ ಮಗು, ಮೋರಿಯ ಹತ್ತಿರ ಕಂಡ ಕಟ್ಟು ಹಾವಿಗೆ ಕೈ ಹಾಕಬಹುದು. ಮುಚ್ಚಳಕ್ಕೆ ಬೀಗ ಇರಲಿ. ಕಿಂಗ್‌ಸ್ನೇಕ್‌ಗೆ ಬೆರಳು ತೂರುವಷ್ಟು ಸಂದು ಸಾಕು.

ಹಿಂದಿನ ಸಾಲಿನಲ್ಲಿ ಕೂತಿರುವ ಅಮ್ಮ ಆಗ ಒಂದು ಪ್ರಶ್ನೆ ಕೇಳಿದರು. ಮಗನ ಜೊತೆ ಬಂದಿದ್ದಾರೆ. "ಒಂಟಿಯಾಗಿ ಇಡೋದು ಪಾಪ ಅಲ್ವಾ?" ಅಂತ. ಅಮ್ಮ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಒಂಟಿತನ ಅನ್ನುವುದು ನಮಗೆ ಶಿಕ್ಷೆ. ಆ ಹಾವಿಗೆ ಒಂದು ಬಿಲ, ಮೈ ತಾಗುವಷ್ಟು ಇಕ್ಕಟ್ಟಾದ ಗೂಡು, ಬಿಸಿ, ನೀರು, ವಾರಕ್ಕೋ ಹತ್ತು ದಿನಕ್ಕೋ ಒಂದು ಇಲಿ ಇದ್ದರೆ ಅದು ಯಾರನ್ನೂ ಹುಡುಕುವುದಿಲ್ಲ. ನಿಮಗೆ ಅದಕ್ಕೆ ಏನಾದರೂ ಮಾಡಬೇಕು ಅನ್ನಿಸಿದರೆ, ಇನ್ನೊಂದು ಹಾವಿಗೆ ಕೊಡುವ ದುಡ್ಡಿನಲ್ಲಿ ಪೆಟ್ಟಿಗೆ ದೊಡ್ಡದು ಮಾಡಿಸಿ. ತೊಗಟೆ ತುಂಡು ಹಾಕಿ, ಏರಲು ಕೊಂಬೆ ಇಡಿ, ಬಗೆದು ಹುದುಗಲು ನಾಲ್ಕು ಬೆರಳು ಆಳಕ್ಕೆ ತೆಂಗಿನ ನಾರಿನ ಪುಡಿ ಹಾಕಿ. ರಾತ್ರಿ ಅದು ನೆಲ ಬಗೆಯುತ್ತಾ ಹೋಗುವುದನ್ನು ಕೂತು ನೋಡಿ.

ಕೊನೆಗೆ, ಈಗಾಗಲೇ ಎರಡನ್ನು ಒಟ್ಟಿಗೆ ಇಟ್ಟಿರುವವರು ಇಲ್ಲಿ ಇದ್ದೀರಿ. ಯಾರು ಅಂತ ನಾನು ಕೇಳುವುದಿಲ್ಲ. ಇವತ್ತು ಮನೆಗೆ ಹೋದ ಕೂಡಲೇ ಬೇರೆ ಮಾಡಿ. ಒಳ್ಳೆಯ ಪೆಟ್ಟಿಗೆ ಬರುವವರೆಗೆ ಕಾಯಬೇಡಿ. ಪಾತ್ರೆ ಅಂಗಡಿಯಲ್ಲಿ ಮುಚ್ಚಳಕ್ಕೆ ಎರಡು ಕಡೆ ಕ್ಲಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಮೊಳೆ ಕಾಯಿಸಿ ಪಕ್ಕಗಳಲ್ಲಿ ಸಣ್ಣ ತೂತು ಮಾಡಿ. ತಳಕ್ಕೆ ದಿನಪತ್ರಿಕೆ ಹಾಕಿ, ಮಗುಚಿಟ್ಟ ಮಣ್ಣಿನ ಕುಡಿಕೆಯ ಅಂಚು ಒಡೆದು ಬಾಗಿಲು ಮಾಡಿ, ಒಡೆದ ಅಂಚನ್ನು ಉಜ್ಜಿ ನುಣುಪು ಮಾಡಿ. ಒಂದು ಬಟ್ಟಲು ನೀರು ಇಡಿ. ಒಂದು ತುದಿಯ ಅಡಿಗೆ ಮಾತ್ರ ಹೀಟ್ ಮ್ಯಾಟ್, ಅದಕ್ಕೆ ಥರ್ಮೋಸ್ಟಾಟ್. ಇಷ್ಟು ಇವತ್ತು ರಾತ್ರಿಗೆ ಸಾಕು. ಬೇರೆ ಮಾಡುವ ಮೊದಲು ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ, ಇಲಿಯ ವಾಸನೆ ಇರಬಾರದು. ಒಂದು ವಾರ ಎರಡಕ್ಕೂ ಊಟ ಬೇಡ, ಹೊಸ ಜಾಗಕ್ಕೆ ಹೊಂದಿಕೊಳ್ಳಲಿ. ಒಂದು ವೇಳೆ ನೀವು ಹೋಗುವಷ್ಟರಲ್ಲಿ ಒಂದು ಇನ್ನೊಂದನ್ನು ಕಚ್ಚಿ ಹಿಡಿದಿದ್ದರೆ ಎಳೆಯಬೇಡಿ. ಎರಡನ್ನೂ ಹಾಗೇ ನಲ್ಲಿಯ ಅಡಿ ತಣ್ಣೀರಿಗೆ ಹಿಡಿಯಿರಿ, ಹಿಡಿತ ಸಡಿಲವಾದಾಗ ಬಾಲದ ಕಡೆಯಿಂದ ಸುತ್ತು ಬಿಚ್ಚಿ. ಅದಾದ ಮೇಲೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ.